ವಾಡೆಯ ಕಿಂಡಿ ಮತ್ತು ಹನ್ನೊಂದು ಕಂಬಳಿ

ವಾಡೆಯ ಮಹಡಿಯಲ್ಲಿ ವಿರಾಜಮಾನರಾದ ಮಾನ್ಯ ಅಧಿಕಾರಿಗಳೇ,

ಘೋಡಗೇರಿ ಕಡೆಯ ಹನ್ನೊಂದು ಜನ ಕುರಿಗಾರ ಹೆಂಗಸರಿಗೆ ಸರ್ಕಾರಿ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸಲು ಇದ್ದ ಪರವಾನಗಿಯನ್ನು ತಾವು ರದ್ದುಗೊಳಿಸಿದ್ದೀರಿ. ಕಾರಣ, ನೋಟಿಸಿನ ಭಾಷೆಯಲ್ಲೇ ಹೇಳುವುದಾದರೆ, ‘ಕಂಬಳಿ ಹೊದ್ದು ಮುಖ ಗುರುತಿಸುವ ಕ್ಯಾಮೆರಾಗೆ ಅಡ್ಡಿಪಡಿಸಿರುವುದು’. ಕುರಿ ಕಾಯುವವರು ಕಂಬಳಿ ಹೊದೆಯುವುದು ಅಪರಾಧವೆಂದು ಕಂಡುಹಿಡಿದ ಮೊದಲ ಆಡಳಿತಗಾರರು ತಾವೇ ಇರಬೇಕು. ಅಭಿನಂದನೆಗಳು.

ನಾನು ಮೂಡಲಗಿಯಲ್ಲಿ ಚಿತ್ರಕಲೆ ಕಲಿಸುವವಳು. ತಮ್ಮ ಕಚೇರಿಯಿರುವ ಆ ಹಳೆಯ ವಾಡೆಯನ್ನು, ದೇಸಾಯರ ಕಾಲದ ಆ ದೊಡ್ಡ ಮನೆಯನ್ನು, ಮೂರು ವರ್ಷಗಳಿಂದ ಅಳೆಯುತ್ತ, ಬರೆಯುತ್ತ, ಅದರ ಚರಿತ್ರೆ ಕೇಳುತ್ತ ಬಂದಿದ್ದೇನೆ. ತಾವು ಕ್ಯಾಮೆರಾ ಕೂರಿಸಿದ ಕಿಂಡಿಯಲ್ಲಿ ಹಿಂದೆ ದೇಸಾಯರ ಕಾರಕೂನ ಕೂರುತ್ತಿದ್ದ. ಬೀದಿಯಲ್ಲಿ ಹೋಗುವವರನ್ನು ಗುರುತಿಸಿ, ಹೆಸರು ಹಿಡಿದು ಕೂಗಿ, ಬಿಟ್ಟಿ ದುಡಿಮೆಗೆ ಒಳಗೆ ಕರೆಯುವುದು ಅವನ ಉದ್ಯೋಗ. ತಾವೂ ಅದನ್ನೇ ಮಾಡುತ್ತೀರಿ, ‘ಸ್ವಯಂಪ್ರೇರಿತ ಶ್ರಮದಾನ’ ಎಂಬ ಹೊಸ ಹೆಸರಿನಲ್ಲಿ. ಸೋಮವಾರ ಕಚೇರಿಯ ಅಂಗಳ ಗುಡಿಸಲು ಬಾರದೆ ಕುರಿ ಹೊಡೆದುಕೊಂಡು ಹೋದವರ ಮುಖವನ್ನು ಯಂತ್ರ ಹಿಡಿಯುತ್ತದೆ, ಸಂಜೆಯೊಳಗೆ ಮೊಬೈಲಿಗೆ ತಾಕೀತು ಬರುತ್ತದೆ. ಸ್ವಯಂಪ್ರೇರಣೆಗೆ ಇಷ್ಟೊಂದು ಕಾವಲು ಬೇಕೇ? ಕಾರಕೂನನಾದರೂ ಊಟಕ್ಕೆ ಎದ್ದು ಹೋಗುತ್ತಿದ್ದ.

ಆ ಹನ್ನೊಂದು ಜನರಲ್ಲಿ ಒಬ್ಬಳಾದ, ಅರವತ್ತು ದಾಟಿದ ಸತ್ತೆವ್ವ ನನಗೆ ಆ ಕಾಲದ ಉಪಾಯವೊಂದನ್ನು ಹೇಳಿದಳು. ವಾಡೆ ಹತ್ತಿರವಾದೊಡನೆ ಅವಳ ಅಜ್ಜಿ ಮತ್ತು ಜೊತೆಯವರು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಮುಖ ಮುಚ್ಚುವಂತೆ ಇಳಿಬಿಡುತ್ತಿದ್ದರಂತೆ. “ಕೊಪ್ಪಿ ಹಾಕ್ಕೊಂಡ್ರ ಎಲ್ಲಾರೂ ಒಂದ ನಮೂನಿ ಕಾಣ್ತೇವ್ರಿ ಅಕ್ಕೋರ. ಅಂವಾ ಯಾರನ್ನ ಕರೀಬೇಕು?” ಎಂದು ನಕ್ಕಳು.

ಈ ಬೇಸಿಗೆಯ ಒಂದು ಸೋಮವಾರ, ರಣರಣ ಬಿಸಿಲಲ್ಲಿ, ಹನ್ನೊಂದು ಜನ ಕೊಪ್ಪೆ ಹಾಕಿಕೊಂಡು ವಾಡೆಯ ಮುಂದೆ ಹಾದುಹೋದರು. ತಮ್ಮ ದುಬಾರಿ ಯಂತ್ರ ಹನ್ನೊಂದು ಸಲ ‘ಅಪರಿಚಿತ’ ಎಂದು ಬರೆದು ಸುಮ್ಮನಾಯಿತು. ನನಗೆ ಹಿಗ್ಗೋ ಹಿಗ್ಗು. ಹನ್ನೊಂದು ಚಿತ್ರ ಬರೆದು ಗೋಕಾಕ ಫಾಲ್ಸ್‌ನಲ್ಲಿ ಪ್ರದರ್ಶನ ಇಟ್ಟೆ, ತಮ್ಮನ್ನೇ ಮುಖ್ಯ ಅತಿಥಿಯಾಗಿ ಕರೆದೆ. ತಮ್ಮ ಮುಖಕ್ಕೇ ಕನ್ನಡಿ ಹಿಡಿಯುವ ಹುಚ್ಚು ನನಗೆ.

ತಾವು ‘ಪರಂಪರೆಯ ಸೌಂದರ್ಯ’ ಎಂದು ಭಾಷಣ ಬಿಗಿದಿರಿ. ಒಂದೊಂದೇ ಚಿತ್ರದ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದಿರಿ. ಚಿತ್ರಕ್ಕಿಂತ ಅದರ ಕೆಳಗಿನ ಚೀಟಿ ತಮಗೆ ಹೆಚ್ಚು ಹಿಡಿಸಿತ್ತೆಂದು ಆಗ ನನಗೆ ಹೊಳೆಯಲಿಲ್ಲ. ಹೆಸರಿಲ್ಲದವರಿಗೆ ಚರಿತ್ರೆಯಲ್ಲಿ ಹೆಸರು ಕೊಡುತ್ತೇನೆಂಬ ಜಂಬದಲ್ಲಿ ಪ್ರತಿ ಕಂಬಳಿಯ ಕೆಳಗೂ ಅದರೊಳಗಿದ್ದವಳ ಹೆಸರು ಬರೆದಿದ್ದೆ. ನಾಲ್ಕನೆಯ ದಿನ ಹನ್ನೊಂದು ನೋಟಿಸು ಹೊರಟವು, ನನ್ನ ಗೋಡೆಯ ಅನುಕ್ರಮದಲ್ಲೇ.

ಕ್ಷಮೆ ಕೇಳಲು ಹೋದೆ. ಸತ್ತೆವ್ವನ ಮೂವತ್ತು ಕುರಿಗಳು ಮೇಯಲು ಹೋಗಲಾಗದೆ ಹಗಲಲ್ಲೇ ಬೇಲಿ ಕಟ್ಟಿದ ದಡ್ಡಿಯೊಳಗೆ ನಿಂತು ಅರಚುತ್ತಿದ್ದವು. ಅವಳು ಬೈಯಲಿಲ್ಲ. “ನಮ್ಮಜ್ಜಿ ಹೆಸರ ಕಿಂಡ್ಯಾಗ ಕುಂತಾವಗ ಯಾರೂ ಹೇಳಿರಲಿಲ್ರಿ,” ಅಂದಳು. “ನಮ್ದು ನೀವ ಹೇಳಿದ್ರಿ.” ಬೈದಿದ್ದರೆ ಚೆನ್ನಾಗಿತ್ತು.

ಈ ವಾರದೊಳಗೆ ಹನ್ನೊಂದೂ ಪರವಾನಗಿ ಅವರ ಕೈಗೆ ಮರಳಬೇಕು, ಕಿಂಡಿಯಿಂದ ಕ್ಯಾಮೆರಾ ಇಳಿಯಬೇಕು. ಯಾರಿಗಾದರೂ ನೋಟಿಸು ಕೊಡದೆ ತಮಗೆ ಅನ್ನ ಇಳಿಯದು ಎಂದಾದರೆ ನನ್ನ ವಿಳಾಸ ಆಹ್ವಾನ ಪತ್ರಿಕೆಯಲ್ಲಿದೆ. ಗೋಡೆಯ ಚೀಟಿಗಳನ್ನೆಲ್ಲ ಕಿತ್ತು ಸುಟ್ಟಿದ್ದೇನೆ. ಈಗ ಹನ್ನೆರಡನೆಯ ಚಿತ್ರ ಬರೆಯುತ್ತಿದ್ದೇನೆ: ಕಿಂಡಿಯಲ್ಲಿ ತಮ್ಮ ಪಕ್ಕ ಕುಳಿತು ಒಂದೊಂದೇ ಹೆಸರು ಓದಿ ಹೇಳುತ್ತಿರುವ ಹೆಂಗಸು. ಅವಳಿಗೆ ಕಂಬಳಿ ಹೊದಿಸಿಲ್ಲ.

ಇಂತಿ,
ಕೂಗುವ ಮೊದಲೇ ಬಂದು ತಮ್ಮ ಬಿಟ್ಟಿ ಮಾಡಿಕೊಟ್ಟ
ಮೂಡಲಗಿಯ ಚಿತ್ರಕಲಾ ಶಿಕ್ಷಕಿ