ಮೊಮ್ಮಗಳ ಮೊದಲ ಉಸಿರು

ಗ್ರೀಕರ ಮಿಲೇಟಸ್ ಪಟ್ಟಣ, ತೌರೆಯೋನ್ ತಿಂಗಳ ಆರನೆಯ ದಿನ.

ಸೋತಿದ್ದೇನೆ, ಆದರೂ ನಗು ತಡೆಯಲಾಗುತ್ತಿಲ್ಲ. ಜಗತ್ತೆಲ್ಲ ಹುಟ್ಟಿದ್ದು ನೀರಿನಿಂದ ಎಂದು ಇಪ್ಪತ್ತು ವರ್ಷದಿಂದ ನನ್ನ ವಾದ; ಅಲ್ಲ, ಗಾಳಿಯಿಂದ ಎಂದು ಗೆಳೆಯ ಫಿಲ್ತೆಸ್‌ನ ಹಟ. ಇವತ್ತು ಮಗಳು ಕ್ಲೇನೋ ಒಳಗೆ ಹೆರಿಗೆ ನೋವು ತಿನ್ನುತ್ತಿದ್ದಾಗಲೂ ಅಂಗಳದಲ್ಲಿ ನಮ್ಮದು ಅದೇ ಜಗಳ. ಹೆದರಿಕೆ ಮರೆಯಲು ಬೇರೆ ದಾರಿ ಇರಲಿಲ್ಲ.

“ನೀರೋ ಗಾಳಿಯೋ, ಇಬ್ರೂ ಬಾಯ್ಮುಚ್ಕೊಂಡಿರಿ!” ಎಂದು ಸೂಲಗಿತ್ತಿ ಒಳಗಿನಿಂದಲೇ ಗದರಿದಳು.

ಮಗು ಹುಟ್ಟಿತು. ಅಳಲಿಲ್ಲ. ಬಾಗಿಲ ಸಂದಿಯಿಂದ ಇಣುಕಿದೆವು. ನೀಲಿಗಟ್ಟಿದ ಕೂಸಿನ ಬಾಯಿಗೆ ಬಾಯಿಟ್ಟು ಸೂಲಗಿತ್ತಿ ಮೆಲ್ಲಗೆ ಊದಿದಳು. ಮತ್ತೆ ಊದಿದಳು. ಫಿಲ್ತೆಸ್ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ. ಮೂರನೆಯ ಸಲಕ್ಕೆ ಮೊಮ್ಮಗಳು ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

ಗೆದ್ದವನು ಫಿಲ್ತೆಸ್. ಆದರೆ ಅವನು ಬಾಗಿಲಿಗೆ ಹಣೆಯಿಟ್ಟು ನಿಂತುಬಿಟ್ಟ. ಕೊನೆಗೆ ನಾನೇ, “ಗಾಳೀನೇ ಕಣೋ, ಒಪ್ಕೊಂಡೆ” ಎಂದೆ.

“ಸುಮ್ನಿರೋ ಮುದುಕ” ಎಂದು ಬಿಕ್ಕಿದ. ಗಡ್ಡವೆಲ್ಲ ಒದ್ದೆಯಾಗಿತ್ತು. “ನಾನೇ ಕರಗಿ ನೀರಾಗಿ ಹೋಗಿದೀನಿ.”

ಒಳಗೆ ಮತ್ತೆ ಅಳು ಶುರುವಾಯಿತು. ಆಹಾ, ಎಂಥ ಗಂಟಲು! ಇನ್ನೊಮ್ಮೆ ಹೋಗಿ ನೋಡಿಕೊಂಡು ಬಂದು ಉಳಿದದ್ದು ಬರೆಯುತ್ತೇನೆ.