ಗೇಟಿನ ಬೀಗದ ಕೈ ನಮಗೂ ಒಂದು ಕೊಡಿ

ಮಾನ್ಯ ಪುರಾತತ್ವ ಅಧಿಕಾರಿಗಳೇ,

ಪ್ರತಿದಿನ ಸಂಜೆ ಆರಕ್ಕೆ ನಿಮ್ಮ ಇಲಾಖೆ ನನ್ನನ್ನೂ ನನ್ನ ಅಪ್ಪನನ್ನೂ ಒಳಗಿಟ್ಟು ಬೀಗ ಹಾಕುತ್ತದೆ, ಬೆಳಿಗ್ಗೆ ತೆಗೆಯುತ್ತದೆ. ನಾವು ಮಾಡಿದ ಅಪರಾಧವೇನು? ಯಾವುದೋ ಕಾಲದ ರಾಜನೊಬ್ಬ ಕಟ್ಟಿಸಿದ ಬೌದ್ಧ ದೇವಾಲಯದ ಪಾಳುಗೋಡೆಯ ಪಕ್ಕದಲ್ಲಿ ನಮ್ಮ ಮನೆಯಿದೆ. ಕಳೆದ ವರ್ಷ ನೀವು ಬೇಲಿ ಹಾಕಿಸಿದಾಗ ಮನೆ ಒಳಗೆ ಸೇರಿತು, ರಸ್ತೆ ಹೊರಗುಳಿಯಿತು. ಮನೆ ಖಾಲಿ ಮಾಡಿ ಎಂದು ನೀವು ಹೇಳಲಿಲ್ಲ. ಅಷ್ಟು ದೊಡ್ಡ ಮನಸ್ಸು ನಿಮ್ಮದು.

ಒಳಗಿನ ಬದುಕು ಹೇಗಿದೆ ಎನ್ನುವಿರಾ? ನಾನು ದರ್ಜಿ. ಅಳತೆ ಕೊಡಲು ಬಂದವರು ನಿಮ್ಮ ಬಾಣದ ಗುರುತು ಹಿಡಿದು ಸ್ತೂಪದ ಬುಡ, ರಾಜನ ಪ್ರಾರ್ಥನಾ ಮಂದಿರ, ಭಿಕ್ಷುಗಳ ಕೋಣೆ ಎಲ್ಲ ಸುತ್ತಿಯೇ ನನ್ನ ಬಾಗಿಲಿಗೆ ಬರಬೇಕು, ಅಡ್ಡದಾರಿ ನಿಷಿದ್ಧ. ಅಷ್ಟು ಹೊತ್ತಿಗೆ ಅವರಿಗೆ ಹೊಸ ಬಟ್ಟೆಯ ಆಸೆಯೇ ಇಂಗಿರುತ್ತದೆ. ಇನ್ನು ನಮ್ಮಪ್ಪ. ತಲೆ ಬೋಳು, ಕಿವಿ ಮಂದ, ಕಾಲಲ್ಲಿ ಬಲವಿಲ್ಲ. ಜಗುಲಿಯ ಮೇಲೆ ಕೂರಿಸಿದರೆ ಕೂತಲ್ಲೇ ತೂಕಡಿಸುತ್ತಾನೆ. ಪ್ರವಾಸಿಗಳು ಭಿಕ್ಷುವೆಂದು ತಿಳಿದು ಕೈಮುಗಿಯುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ. ಅವನೂ ದರ್ಜಿಯೇ ಆಗಿದ್ದವನು, ಎಚ್ಚರವಾದರೆ, "ಗುಂಡಿ ಕಿತ್ತೋಗಿದ್ಯಾ?" ಎಂದು ಕೇಳುತ್ತಾನೆ. ಅದರಲ್ಲೇನೋ ಉಪದೇಶವಿದೆ ಎಂದು ಅವರು ತಲೆದೂಗುತ್ತಾರೆ. ನನಗೂ ನಗು ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಹೋದ ತಿಂಗಳು ಒಂದು ಸಂಜೆ ನನ್ನ ತುಂಬು ಬಸುರಿ ಹೆಂಡತಿಗೆ ಹೊಟ್ಟೆನೋವು ಶುರುವಾಯಿತು. ಗೇಟಿಗೆ ಬೀಗ. ಬೀಗದ ಕೈ ಕಾವಲುಗಾರನ ಜೇಬಿನಲ್ಲಿ, ಕಾವಲುಗಾರ ಅವನ ಮನೆಯಲ್ಲಿ. ಆಂಬುಲೆನ್ಸ್ ಆಚೆ ಬಂದು ನಿಂತಿತ್ತು, ಅವಳು ಕಂಬಿ ಹಿಡಿದು ಈಚೆ ಕುಸಿದಿದ್ದಳು. ಕಾವಲುಗಾರ ಸೈಕಲ್ ತುಳಿದು ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಅದು ಹೆರಿಗೆ ನೋವಲ್ಲ ಎಂದರು ವೈದ್ಯರು. ಆಸ್ಪತ್ರೆಯಿಂದ ಅವಳು ಮನೆಗೆ ಬರಲಿಲ್ಲ, ನೇರ ತನ್ನ ಅಕ್ಕನ ಮನೆಗೆ ಹೋದಳು.

"ನಿಮ್ಮ ಮೇಲೆ ನಂಗೇನೂ ಕೋಪ ಇಲ್ಲ ಕಣ್ರೀ. ಆದ್ರೆ ಬೀಗ ಹಾಕಿರೋ ಕಡೆ ನಾನು ಮತ್ತೆ ಕಾಲಿಡಲ್ಲ" ಎಂದಳು.

ಅವಳ ಜೊತೆಗಿರೋಣವೆಂದರೆ, ನಡೆಯಲಾರದ ಅಪ್ಪನನ್ನು ಬೀಗದೊಳಗೆ ಒಬ್ಬನೇ ಬಿಟ್ಟು ಹೋಗಬೇಕು. ಕರೆದೊಯ್ಯೋಣವೆಂದರೆ, ಅವಳ ಅಕ್ಕನ ಪುಟ್ಟ ಮನೆಯಲ್ಲಿ ಅವನನ್ನು ಮಲಗಿಸಲೂ ಜಾಗವಿಲ್ಲ. ಹಗಲು ಹೋಗಿ ಅವಳನ್ನು ನೋಡಿ, ಗೇಟು ಮುಚ್ಚುವ ಮುಂಚೆ ಓಡಿ ಬರುತ್ತೇನೆ.

ನಿಮ್ಮ ಕಚೇರಿಗೆ ಬಂದು ಇನ್ನೊಂದು ಬೀಗದ ಕೈ ಕೇಳಿದೆ. ಕಳ್ಳತನದ ಭಯವಿದೆ ಎಂದರು ಗುಮಾಸ್ತರು. ಒಳಗಿದ್ದ ಬುದ್ಧನ ವಿಗ್ರಹದ ತಲೆಯನ್ನು ನೀವೇ ಮ್ಯೂಸಿಯಮ್ಮಿಗೆ ಒಯ್ದಿದ್ದೀರಿ. ಉಳಿದ ಆಳೆತ್ತರದ ಕಲ್ಲನ್ನು ಕದ್ದು ನಾನು ಹೊಲಿಗೆ ಯಂತ್ರದ ಕೆಳಗೆ ಬಚ್ಚಿಡಲೇ? ಬಿಡುಗಡೆಯ ದಾರಿ ತೋರಿದವನ ನೆಲೆಯಿದು ಎಂದು ಗೇಟಿನ ಮೇಲೆ ಫಲಕ ಹಾಕಿಸಿದವರೂ ನೀವೇ. ಅದರ ಕೆಳಗೇ ಬೀಗ ತೂಗುಹಾಕುವಾಗ ಯಾರೂ ತಲೆಯೆತ್ತಿ ಅದನ್ನು ಓದಲಿಲ್ಲವೇ?

ಪರಿಹಾರ ಬೇಡ, ಬೇರೆ ಮನೆ ಬೇಡ. ಇದೇ ವಾರ ಒಂದು ಬೀಗದ ಕೈ ಕೊಡಿ. ಅವಳಿಗೆ ದಿನ ತುಂಬಿದೆ. ಮಗು ಹುಟ್ಟಿದ ಸುದ್ದಿ ಸಂಜೆ ಆರು ದಾಟಿ ಬಂದರೆ, ನಾನು ನಿಮ್ಮ ಕಾವಲುಗಾರನಿಗೆ ಫೋನ್ ಮಾಡಿ, ಅವನು ಎತ್ತುವವರೆಗೆ ಕಾದು, ಹೋಗಿ ನನ್ನ ಮಗುವಿನ ಮುಖ ನೋಡಿ ಬರಲೇ ಎಂದು ಅಪ್ಪಣೆ ಕೇಳಬೇಕಾಗುತ್ತದೆ.

ಇಂತಿ,
ನಿಮ್ಮ ಬೇಲಿಯೊಳಗಿನ ದರ್ಜಿ
(ಪ್ರದರ್ಶನಕ್ಕಿಟ್ಟ ವಸ್ತುವಲ್ಲ)