ಎರಡು ಸಲ ಸಿಕ್ಕ ಗೊಂಬೆ

ಶಾಜ್ಲಿ,

ನಿನ್ನೆ ಸಂಜೆ ಅಬೂದೈಫನ ಕಾಫಿ ಅಂಗಡಿಯ ಟಿವಿಯಲ್ಲಿ ನೀನು ಬಂದಿದ್ದೆ. ನಾವು ಕೂಲಿಗೆ ಅಗೆದ ಆ ಫರೋ ರಾಜರ ಕಾಲದ ಸಮಾಧಿಯ ಸಾಕ್ಷ್ಯಚಿತ್ರವನ್ನು ಮತ್ತೆ ಹಾಕಿದ್ದರು. ಹನ್ನೊಂದು ವರ್ಷದಿಂದ ಅದು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದೆ. ನೀನು ಸತ್ತ ಮೇಲೆ ಅದು ಬಂದದ್ದು ಇದೇ ಮೊದಲು; ಈ ಸಲ ಕೂತು ನೋಡಿದೆ.

ಆ ಸಮಾಧಿಯೊಳಗಿನ ಮರದ ಗೊಂಬೆ ಮೊದಲು ಸಿಕ್ಕಿದ್ದು ನನ್ನ ಕೈಗೆ. ಮರುದಿನ ಕ್ಯಾಮೆರಾದವರು ಬಂದು, ಅದನ್ನು ಮತ್ತೆ ಮರಳಲ್ಲಿ ಹೂಳಿಸಿ, ಈಗ ತಾನೇ ಸಿಕ್ಕ ಹಾಗೆ ತೆಗೆಯಿರಿ ಎಂದರು. ಬೆರಗಾಗಲು ನನಗೆ ಬರಲಿಲ್ಲ. ಮೂರು ಸಲ ತೆಗೆದೆ, ಮೂರು ಸಲ ಬೇಡವೆಂದರು.

"ಏನ್ ಬಷಂದಿ ಅಣ್ಣಾ, ಕಳೆದ ಚಪ್ಪಲಿ ಸಿಕ್ಕಿದ ಹಾಗೆ ಮುಖ ಮಾಡ್ತೀಯಲ್ಲ! ಸ್ವಲ್ಪ ಪಕ್ಕಕ್ಕೆ ಸರಿ, ನಾನು ತೆಗೀತೀನಿ," ಎಂದು ನಕ್ಕು ನೀನು ಗುಂಡಿಗಿಳಿದೆ. ನಾನು ಬುಟ್ಟಿ ಎಸೆದು ಹೊರಟುಬಿಟ್ಟೆ. ಆಮೇಲೆ ನೀನು ಸಾಯುವವರೆಗೂ ನಿನಗೊಂದು ಸಲಾಂ ಕೂಡ ಹೇಳಲಿಲ್ಲ.

"ನೋಡ್ರೋ, ನಮ್ಮ ಶಾಜ್ಲಿ! ಆ ಕಣ್ಣು ನೋಡ್ರೋ, ಫರೋನೇ ಎದ್ದು ಕೂತ್ನೇನೋ ಅನ್ನೋ ಹಾಗೆ!" ಎಂದ ಅಬೂದೈಫ ನಿನ್ನೆ, ಟಿವಿಯತ್ತ ಕೈ ತೋರಿಸಿ. ಹೌದು, ನೀನು ಚೆನ್ನಾಗಿಯೇ ಬೆರಗಾಗಿದ್ದೆ. ನನ್ನ ಹೊಟ್ಟೆ ಉರಿಯಿತು.

ಟಿವಿಯಲ್ಲಿ ಗೊಂಬೆ ಎತ್ತಿ ನೀನು ಏನೋ ಕೂಗಿದೆ. ನಿನ್ನ ಕೂಗಿನ ಮೇಲೆ ವಿದೇಶದವನೊಬ್ಬನ ದಪ್ಪ ದನಿ ಇತಿಹಾಸ ಹೇಳುತ್ತಿತ್ತು. ಅದರಡಿಯಲ್ಲಿ ನಮ್ಮೂರ ಮಾತು ಸಣ್ಣಗೆ ಕೇಳಿಸಿತು:

"ಬಷಂದಿ ಅಣ್ಣನ್ನ ಕರೀರಿ, ಇದನ್ನ ಕಂಡೋನು ಅವನು!"

ಆ ದಿನ ಅಷ್ಟರಲ್ಲಿ ನಾನು ದಿಬ್ಬ ಇಳಿದಾಗಿತ್ತು; ಇದು ನನ್ನ ಕಿವಿಗೆ ಬೀಳಲೇ ಇಲ್ಲ.

ನಾಡಿದ್ದು ನೀನು ಸತ್ತ ನಲವತ್ತನೆಯ ದಿನ, ಊರವರೆಲ್ಲ ದುಃಖ ಹೇಳಲು ನಿನ್ನ ಮನೆಗೆ ಬರುತ್ತಾರೆ. ಬಾಗಿಲಲ್ಲಿ ನಿನ್ನ ಮನೆಯವರ ಸಾಲಿನಲ್ಲಿ ನಿಂತು ಬಂದವರ ಕೈ ಹಿಡಿಯುತ್ತೇನೆ. ಅಲ್ಲೂ ಎಲ್ಲರೂ ನಿನ್ನನ್ನೇ ಹೊಗಳುತ್ತಾರೆ, ಹಾಳಾದವನೇ.

ಬಷಂದಿ